ವಾದದಲ್ಲಿ ಗೆದ್ದು ಬಂಧುವನ್ನು ಕಳೆದುಕೊಂಡರೆ?



1992ರ ಸೆಪ್ಟೆಂಬರ್ 8. ಮಾತೆ ಮರಿಯಮ್ಮನವರ ಜನ್ಮೋತ್ಸವ. ನಮ್ಮ ಕರಾವಳಿಯ ಮಾತಿನಲ್ಲಿ ಮೊಂತಿ ಹಬ್ಬ. ನನಗಾಗ ಒಂಬತ್ತು ವರ್ಷ. ಬಲಿಪೂಜೆ ಮುಗಿಸಿ, ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ಊಟಕ್ಕೆಂದು ಎಲ್ಲರೂ ಎಲೆಯ ಮುಂದೆ ಕುಳಿತಿದ್ದೆವು. ತಾಯಿಯ ಅಣ್ಣ, ನನ್ನ ಸೋದರಮಾವ, ಬೊಂಬಾಯಿಯಿಂದ ರಜೆಯಲ್ಲಿ ಬಂದವರು ಅಪ್ಪನ ಪಕ್ಕದಲ್ಲೇ ಕುಳಿತಿದ್ದರು.

ಮಾತು ಹೊಸ ಅಕ್ಕಿಯಿಂದ ಗದ್ದೆಗೆ ಹೋಯಿತು. ಗದ್ದೆಯಿಂದ ಭೂಸುಧಾರಣೆಗೆ ಹೊರಳಿತು. ಅಪ್ಪ ಹೇಳಿದರು: "ಉತ್ತವನಿಗೆ ಹೊಲ ಸಿಕ್ಕಿದ್ದು ದೇವರ ನ್ಯಾಯ. ಕೂತು ಉಂಡವರಿಗೆ ಇವತ್ತಿಗೂ ಹೊಟ್ಟೆಯುರಿ." ಮಾವ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ಕಾನೂನಿನ ಹೆಸರಿನಲ್ಲಿ ಕಸಿದುಕೊಂಡ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಭಾವ" ಎಂದವರೇ ಅರ್ಧ ಊಟಕ್ಕೆ ಎಲೆ ಬಿಟ್ಟು ಎದ್ದರು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡು ನಿಂತೇ ಇದ್ದರು. ಆ ದಿನದಿಂದ ಹನ್ನೊಂದು ವರ್ಷ ಮಾವ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಇಬ್ಬರೂ ಒಳ್ಳೆಯ ಕಥೋಲಿಕರೇ. ಇಬ್ಬರೂ ದಿನವೂ ಜಪಸರ ಹೇಳುವವರು. ಅವರನ್ನು ಬೇರೆ ಮಾಡಿದ್ದು ಆಸ್ತಿಯ ಪಾಲಲ್ಲ, ಮದುವೆಯ ಮಾತಲ್ಲ. ಭೂಮಿ ಯಾರದಾಗಿರಬೇಕು, ಸರಕಾರ ಎಲ್ಲಿಯವರೆಗೆ ಕೈ ಹಾಕಬಹುದು ಎಂಬ ಒಂದು ತತ್ವದ ಪ್ರಶ್ನೆ!

ಒಂದು ಕಾನೂನು, ಎರಡು ಮನೆ

ಆ ಪ್ರಶ್ನೆಯ ಹಿನ್ನೆಲೆ ಕಿರಿಯರಿಗೆ ತಿಳಿಯದಿರಬಹುದು. ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆ 1961ರದ್ದು. ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. 1974ರ ಮಾರ್ಚ್ 1ರಿಂದ ಗೇಣಿಗೆ ಕೊಟ್ಟಿದ್ದ ಜಮೀನು ಸರಕಾರಕ್ಕೆ ಸೇರಿತು. ಅದನ್ನು ಉಳುತ್ತಿದ್ದ ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಿದರೆ, ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ಅವನಿಗೆ ಹಕ್ಕು ಕೊಡುತ್ತಿತ್ತು. ನಮ್ಮ ಹಿರಿಯರು ಇದನ್ನೇ "ಡಿಕ್ಲರೇಶನ್ ಹಾಕುವುದು" ಎನ್ನುತ್ತಿದ್ದರು.

ಅಪ್ಪನ ಮನೆಯವರು ಗೇಣಿ ಒಕ್ಕಲುಗಳು. ಬೆಳೆ ಕೈಕೊಟ್ಟ ವರ್ಷವೂ ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಹೊತ್ತು ಹಾಕಿದವರು. ಡಿಕ್ಲರೇಶನ್ ಆದಮೇಲೆ ಮೊದಲ ಬಾರಿಗೆ ತಮ್ಮದೇ ಎನ್ನುವ ಮಣ್ಣಿನ ಮೇಲೆ ನಿಂತರು. ಅಮ್ಮನ ಮನೆಯ ಕಥೆ ಬೇರೆ. ನನ್ನ ಅಜ್ಜಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಉಳಲು ಗಂಡಾಳಿಲ್ಲದೆ ಇದ್ದ ಒಂದು ಗದ್ದೆಯನ್ನು ನೆರೆಯವರಿಗೆ ಗೇಣಿಗೆ ಕೊಟ್ಟಿದ್ದರು. ಆ ಗದ್ದೆ ಹೋಯಿತು. ಒಂದೇ ಕಾನೂನು, ಒಂದು ಮನೆಗೆ ಬಿಡುಗಡೆ, ಇನ್ನೊಂದು ಮನೆಗೆ ಬರ.

ಇಂದಿಗೂ ಈ ಜಗಳ ಮುಗಿದಿಲ್ಲ, ರೂಪ ಬದಲಾಗಿದೆ ಅಷ್ಟೆ. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದಾದಾಗ ರೈತನಿಗೆ ಒಳ್ಳೆಯ ಬೆಲೆ ಬರುತ್ತದೆ ಎಂದರು ಕೆಲವರು, ರೈತನೇ ಇಲ್ಲವಾಗುತ್ತಾನೆ ಎಂದರು ಕೆಲವರು. 2023ರಲ್ಲಿ ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಯೋಜನೆಗಳು ಆರಂಭವಾದಾಗ ಒಬ್ಬರು "ಬಡವರ ಹಕ್ಕು" ಎಂದರು, ಇನ್ನೊಬ್ಬರು "ಬಿಟ್ಟಿ ಕೂಳು" ಎಂದರು. ಬಲಿಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ಚಹಾ ಕುಡಿಯುತ್ತಾ, ಕುಟುಂಬದ ಊಟದಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ ಇದೇ ಮಾತು. ವಾರ ಕಳೆಯುವುದರೊಳಗೆ ಇಬ್ಬರು ಪರಸ್ಪರ ಮಾತು ಬಿಟ್ಟಿರುತ್ತಾರೆ.

ಹಾಗಾದರೆ ರಾಜಕೀಯವನ್ನೇ ಮಾತನಾಡಬಾರದೇ? ಅದೂ ಸರಿಯಲ್ಲ. ಕೂಲಿ, ಭೂಮಿ, ತೆರಿಗೆ, ಔಷಧಿ, ಶಾಲೆ ಇವೆಲ್ಲ ನಮ್ಮ ನೆರೆಯವನ ಅನ್ನದ ಪ್ರಶ್ನೆ. ನೆರೆಯವನನ್ನು ಪ್ರೀತಿಸಬೇಕಾದವನು ಆ ಪ್ರಶ್ನೆಗೆ ಬೆನ್ನು ತಿರುಗಿಸಲಾರ. ಮಾತನಾಡಲೇಬೇಕು. ಹೇಗೆ ಎಂಬುದೇ ಇಂದಿನ ಪಾಠ.

ಒಂದೇ ಪಂಕ್ತಿಯಲ್ಲಿ ಮತ್ತಾಯ ಮತ್ತು ಸಿಮೋನ

ಯೇಸುಸ್ವಾಮಿ ಆರಿಸಿಕೊಂಡ ಹನ್ನೆರಡು ಮಂದಿ ಪ್ರೇಷಿತರ ಪಟ್ಟಿಯನ್ನು ಗಮನವಿಟ್ಟು ಓದಿದ್ದೀರಾ? ಅದರಲ್ಲಿ ಮತ್ತಾಯ ಇದ್ದಾನೆ. ಸುಂಕದ ಕಟ್ಟೆಯಲ್ಲಿ ಕುಳಿತು ಆಳುವವರ ವ್ಯವಸ್ಥೆಗಾಗಿ ಹಣ ಎತ್ತುತ್ತಿದ್ದವನು. ಅದೇ ಪಟ್ಟಿಯಲ್ಲಿ ದೇಶಾಭಿಮಾನಿ ಎನಿಸಿಕೊಂಡ ಸಿಮೋನನೂ ಇದ್ದಾನೆ. ಅವನ ಅಡ್ಡಹೆಸರೇ ಪರರ ಆಳ್ವಿಕೆಯನ್ನು ಸಹಿಸದವರ ಕಾವನ್ನು ನೆನಪಿಸುತ್ತದೆ. ಊರಿನ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಬೇಕಾದವರು ಒಂದೇ ರೊಟ್ಟಿಯನ್ನು ಮುರಿದು ಉಂಡರು. ಪ್ರಭು ಅವರಿಬ್ಬರನ್ನೂ ಕೂರಿಸಿದ್ದು ಒಂದೇ ಅಭಿಪ್ರಾಯದವರೆಂದಲ್ಲ. ಒಬ್ಬನೇ ಗುರುವಿನ ಶಿಷ್ಯರೆಂದು.

ಆದಿ ಸಭೆಯ ಕಥೆಯನ್ನೂ ನೋಡಿ. ವಿಶ್ವಾಸಿಗಳು ತಮ್ಮದನ್ನೆಲ್ಲ ಒಟ್ಟಿಗೆ ಇಟ್ಟು ಬಾಳಿದರೆಂದು ಪ್ರೇಷಿತರ ಕಾರ್ಯಕಲಾಪಗಳ ಎರಡನೇ ಹಾಗೂ ನಾಲ್ಕನೇ ಅಧ್ಯಾಯಗಳಲ್ಲಿದೆ. ಸಮಾಜವಾದವನ್ನು ಮೆಚ್ಚುವವರು ಇದನ್ನು ಎತ್ತಿ ತೋರಿಸುತ್ತಾರೆ. ಐದನೇ ಅಧ್ಯಾಯದಲ್ಲಿ ಸಂತ ಪೇತ್ರರು ಅನನೀಯನಿಗೆ, ಮಾರುವ ಮೊದಲು ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು ಎಂಬ ಅರ್ಥದ ಮಾತು ಹೇಳುತ್ತಾರೆ. ಖಾಸಗಿ ಆಸ್ತಿಯನ್ನು ಸಮರ್ಥಿಸುವವರು ಇದನ್ನು ತೋರಿಸುತ್ತಾರೆ. ಇಬ್ಬರೂ ಅರ್ಧ ಪುಟ ಓದುತ್ತಾರೆ. ಇನ್ನರ್ಧ ಪುಟ ಎದುರು ಕುಳಿತವನ ಕೈಯಲ್ಲಿರುತ್ತದೆ. ಅವನನ್ನು ಓಡಿಸಿದರೆ ಆ ಅರ್ಧ ಪುಟವೂ ಹೋಗುತ್ತದೆ.

ಧರ್ಮಸಭೆ ಹೇಗೆ ವಾದಿಸಿತು?

1891ರ ಮೇ 15ರಂದು ಪೋಪ್ 13ನೇ ಲಿಯೋರವರು "ರೇರುಮ್ ನೋವಾರುಮ್" ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಯೂರೋಪಿನ ಕಾರ್ಖಾನೆಗಳಲ್ಲಿ ಕಾರ್ಮಿಕರು ನಲುಗುತ್ತಿದ್ದ ಕಾಲ. ಖಾಸಗಿ ಆಸ್ತಿಯನ್ನೇ ತೆಗೆದುಹಾಕಬೇಕೆಂಬ ಸಮಾಜವಾದಿಗಳ ಪರಿಹಾರವನ್ನು ಅವರು ಒಪ್ಪಲಿಲ್ಲ. ಆ ಪರಿಹಾರದಿಂದ ಮೊದಲು ನಷ್ಟ ಹೊಂದುವವನು ದುಡಿಯುವವನೇ ಎಂದು ತೋರಿಸಿದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಸಮಾಜವಾದಿಗಳು ಎತ್ತಿದ ದೂರು ಸುಳ್ಳೆಂದು ತಳ್ಳಿಹಾಕಲಿಲ್ಲ. ಕೆಲವೇ ಶ್ರೀಮಂತರು ಅಸಂಖ್ಯ ಬಡವರ ಹೆಗಲ ಮೇಲೆ ಗುಲಾಮಗಿರಿಗೆ ಸಮನಾದ ನೊಗ ಹೇರಿದ್ದಾರೆಂದು ತಾವೇ ಹೇಳಿದರು. ನ್ಯಾಯವಾದ ಕೂಲಿ, ವಿರಾಮ, ಸಂಘ ಕಟ್ಟುವ ಹಕ್ಕು ಕಾರ್ಮಿಕನಿಗಿದೆ ಎಂದರು. ಪರಿಹಾರ ತಪ್ಪು, ಆದರೆ ನೋವು ನಿಜ. ಈ ವ್ಯತ್ಯಾಸ ಮಾಡಬಲ್ಲವನು ಮಾತ್ರ ನ್ಯಾಯವಾಗಿ ವಾದಿಸಬಲ್ಲ. 2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೇ ಲಿಯೋರವರು, ಆ ಹೆಸರನ್ನು ತೆಗೆದುಕೊಂಡದ್ದಕ್ಕೆ ಮುಖ್ಯ ಕಾರಣವಾಗಿ 13ನೇ ಲಿಯೋರವರ ಇದೇ ವಿಶ್ವಪತ್ರವನ್ನು ಸ್ಮರಿಸಿದರು.

ಧರ್ಮಸಭೆಯ ಈ ಪರಂಪರೆಯಿಂದ ನಾವು ಮನೆಯಲ್ಲಿ ಬಳಸಬಹುದಾದ ಐದು ಪಾಠಗಳನ್ನು ಮುಂದಿಡುತ್ತೇನೆ.

1. ಮೊದಲು ಪದದ ಅರ್ಥ ಕೇಳಿ

1989ರಲ್ಲಿ ಪೂರ್ವ ಯೂರೋಪಿನ ಕಮ್ಯುನಿಸ್ಟ್ ಸರಕಾರಗಳು ಒಂದರ ಹಿಂದೆ ಒಂದು ಕುಸಿದವು. ಹಾಗಾದರೆ ಬಂಡವಾಳಶಾಹಿಯೇ ಗೆದ್ದಿತೇ? 1991ರ "ಚೆಂತೇಸಿಮುಸ್ ಆನ್ನುಸ್" ವಿಶ್ವಪತ್ರದಲ್ಲಿ ಪೋಪ್ 2ನೇ ಜಾನ್ ಪಾಲ್ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಕಮ್ಯುನಿಸ್ಟ್ ಆಳ್ವಿಕೆಯಡಿ ಬದುಕಿದ ಅವರು "ಹೌದು" ಎಂದು ಕೂಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಅವರು ಪದವನ್ನು ಬಿಡಿಸಿದರು. ಉದ್ಯಮ, ಮಾರುಕಟ್ಟೆ, ಖಾಸಗಿ ಆಸ್ತಿ ಮತ್ತು ಅದರ ಹೊಣೆ, ಮನುಷ್ಯನ ಸೃಜನಶಕ್ತಿ ಇವುಗಳಿಗೆ ಬೆಲೆ ಕೊಡುವ ವ್ಯವಸ್ಥೆ ಎಂಬ ಅರ್ಥವಾದರೆ ಉತ್ತರ ಹೌದು. ಕಾನೂನಿನ ಚೌಕಟ್ಟಿಲ್ಲದೆ, ಮನುಷ್ಯನ ಪೂರ್ಣ ಸ್ವಾತಂತ್ರ್ಯಕ್ಕೆ ಸೇವೆ ಮಾಡದೆ ಹಣ ತನ್ನಿಚ್ಛೆಯಂತೆ ಓಡಾಡುವ ವ್ಯವಸ್ಥೆ ಎಂಬ ಅರ್ಥವಾದರೆ ಉತ್ತರ ಅಲ್ಲ.

ನಮ್ಮ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಗಳ ಪದಗಳದ್ದು. ಅಣ್ಣ "ಸಮಾಜವಾದ" ಎಂದಾಗ ಅವನ ಮನಸ್ಸಿನಲ್ಲಿ ಸರಕಾರಿ ಆಸ್ಪತ್ರೆಯ ಉಚಿತ ಹೆರಿಗೆ ಇರುತ್ತದೆ. ತಮ್ಮನ ಕಿವಿಗೆ ಅದು ಲೈಸೆನ್ಸಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ದಿನಗಳಾಗಿ ಕೇಳಿಸುತ್ತದೆ. "ನೀನು ಆ ಮಾತನ್ನು ಯಾವ ಅರ್ಥದಲ್ಲಿ ಹೇಳಿದೆ?" ಎಂಬ ಒಂದು ಪ್ರಶ್ನೆ ಒಂದು ಗಂಟೆಯ ಕೂಗಾಟವನ್ನು ಉಳಿಸುತ್ತದೆ.

2. ಎದುರಿನವನ ಮಾತನ್ನು ಅವನು ಒಪ್ಪುವಂತೆ ಹೇಳಿ

ಇಲ್ಲಿ ನನ್ನದೇ ತಪ್ಪೊಂದನ್ನು ನಿವೇದಿಸಬೇಕು. 2003ರಲ್ಲಿ ನಾನು ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದೆ. ಬಂಡವಾಳಶಾಹಿ ಮತ್ತು ಸಮಾಜವಾದದ ಬಗ್ಗೆ ಚರ್ಚಾಸ್ಪರ್ಧೆ ಏರ್ಪಟ್ಟಿತು. ನಾನು ಮಾರುಕಟ್ಟೆಯ ಪರ. ಎದುರು ಪಕ್ಷದಲ್ಲಿದ್ದವನು ಕಾಫಿ ತೋಟದ ಕೂಲಿಯವರ ಮಗ. ಅವನು ಕನಿಷ್ಠ ಕೂಲಿಯ ಬಗ್ಗೆ, ತೋಟದ ಲೈನ್ ಮನೆಗಳ ಬಗ್ಗೆ ಮಾತನಾಡಿದ. ನಾನು ಎದ್ದು ನಿಂತು ಸ್ಟಾಲಿನ್ನನ ಶಿಬಿರಗಳನ್ನೆಲ್ಲ ಅವನ ತಲೆಯ ಮೇಲೆ ಹೇರಿದೆ, ನಡುವೆ ಎರಡು ಹಾಸ್ಯ ಸೇರಿಸಿದೆ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು, ಬಹುಮಾನ ನನಗೆ ಬಂತು. ರಾತ್ರಿ ಊಟದ ನಂತರ ಅವನು ಬಂದು, "ನನ್ನ ವಾದಕ್ಕೆ ನೀನು ಉತ್ತರ ಕೊಡಲಿಲ್ಲ, ಬ್ರದರ್. ನಾನು ಆಡದೇ ಇದ್ದ ವಾದವನ್ನು ಸೋಲಿಸಿದೆ" ಎಂದ. ಕೋಪವಿರಲಿಲ್ಲ ಅವನ ದನಿಯಲ್ಲಿ. ಅದಕ್ಕೇ ಆ ಮಾತು ಇಂದಿಗೂ ಚುಚ್ಚುತ್ತದೆ.

ಮರುದಿನ ತತ್ವಶಾಸ್ತ್ರದ ಗುರುಗಳು ನನ್ನನ್ನು ಕರೆದು, ಸಂತ ತೋಮಸ್ ಅಕ್ವಿನಾಸರ "ಸುಮ್ಮಾ ಥಿಯಲಾಜಿಕಾ" ತೆರೆದು ಆಸ್ತಿಯ ಪ್ರಶ್ನೆಯನ್ನು ಓದಿಸಿದರು. ಸಂತ ತೋಮಸರ ಕ್ರಮ ಗೊತ್ತೇ? ಪ್ರಶ್ನೆ ಹಾಕಿದ ಕೂಡಲೇ ಅವರು ತಮ್ಮ ಉತ್ತರ ಹೇಳುವುದಿಲ್ಲ. ಮೊದಲು ತಮ್ಮನ್ನು ವಿರೋಧಿಸುವವರ ವಾದಗಳನ್ನು ಒಂದೊಂದಾಗಿ, ಸಂಖ್ಯೆ ಕೊಟ್ಟು ಬರೆಯುತ್ತಾರೆ. ಆಮೇಲೆ ತಮ್ಮ ಉತ್ತರ. ಕೊನೆಗೆ ಪ್ರತಿಯೊಂದು ಆಕ್ಷೇಪಕ್ಕೂ ಬೇರೆ ಬೇರೆಯಾಗಿ ಸಮಾಧಾನ. ಮನುಷ್ಯ ಏನನ್ನಾದರೂ ತನ್ನದೆಂದು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯಲ್ಲೂ ಇದೇ ಕ್ರಮ. ಇಟ್ಟುಕೊಳ್ಳಬಹುದು ಎನ್ನುತ್ತಾರೆ ಅವರು; ತನ್ನದಾದರೆ ಹೆಚ್ಚು ಜೋಪಾನ ಮಾಡುತ್ತಾನೆ, ಕೆಲಸ ಕ್ರಮವಾಗಿ ನಡೆಯುತ್ತದೆ, ಜಗಳ ಕಡಿಮೆಯಾಗುತ್ತದೆ. ಆದರೆ ಬಳಕೆಯ ವಿಷಯ ಬಂದಾಗ ಅದು ಎಲ್ಲರಿಗಾಗಿ ಇರುವುದೆಂದು ತಿಳಿದು, ಇಲ್ಲದವನಿಗೆ ಕೊಡಲು ಸಿದ್ಧನಿರಬೇಕು. ಪ್ರಾಣ ಹೋಗುವಂಥ ಕೊರತೆಯಲ್ಲಿ ಬೇರೆಯವರ ಅನ್ನ ತೆಗೆದುಕೊಂಡರೂ ಅದು ಕಳ್ಳತನವಲ್ಲ ಎಂಬಲ್ಲಿಯವರೆಗೆ ಹೋಗುತ್ತಾರೆ. ವಿರೋಧಿಯ ಮಾತನ್ನು ಗೌರವದಿಂದ ಕೇಳಿದ್ದರಿಂದಲೇ ಅವರ ಉತ್ತರ ಅಷ್ಟು ತುಂಬಿಕೊಂಡಿತು.

ಆದ್ದರಿಂದ ಮನೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿ. ಉತ್ತರ ಕೊಡುವ ಮೊದಲು, "ನೀನು ಹೇಳುವುದು ಹೀಗೆ ತಾನೇ?" ಎಂದು ಅವನ ಮಾತನ್ನು ಹೇಳಿ ತೋರಿಸಿ. ಅವನು "ಹೌದು, ಅದೇ" ಎಂದ ಮೇಲೆ ಮಾತ್ರ ನಿಮ್ಮ ಸರದಿ. ಅವನು ಆಡದ ಮಾತನ್ನು ಅವನ ಬಾಯಿಗೆ ತುರುಕುವುದು ಸುಳ್ಳುಸಾಕ್ಷಿ. ಅದು ಎಂಟನೇ ಆಜ್ಞೆಗೆ ವಿರುದ್ಧವಾದ ಪಾಪವೆಂದು ನಮ್ಮಲ್ಲಿ ಎಷ್ಟು ಮಂದಿ ಪಾಪನಿವೇದನೆಯಲ್ಲಿ ಹೇಳುತ್ತೇವೆ?

3. ಒಳ್ಳೆಯ ಅರ್ಥಕ್ಕೆ ಅವಕಾಶ ಕೊಡಿ

ಸಂತ ಇಗ್ನಾಸಿ ಲೊಯೋಲರು ತಮ್ಮ "ಆಧ್ಯಾತ್ಮಿಕ ಸಾಧನೆಗಳು" ಗ್ರಂಥದ ಆರಂಭದಲ್ಲೇ ಒಂದು ಸಲಹೆ ಕೊಡುತ್ತಾರೆ. ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥ ಹುಡುಕಲು ಮೊದಲು ಸಿದ್ಧನಾಗಿರು. ಅರ್ಥ ಸಿಗದಿದ್ದರೆ ಅವನನ್ನೇ ಕೇಳು. ನಿಜವಾಗಿ ತಪ್ಪಿದ್ದರೆ ಪ್ರೀತಿಯಿಂದ ತಿದ್ದು. ಅವರ ಸಲಹೆಯ ಸಾರಾಂಶ ಇದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಸಲಹೆಯನ್ನು ಎಂಟನೇ ಆಜ್ಞೆಯ ವಿವರಣೆಯಲ್ಲೇ ಸೇರಿಸಿದೆ.

ನಾವು ಮಾಡುವುದು ತಲೆಕೆಳಗು. ಮೊದಲು ಖಂಡನೆ, ಆಮೇಲೆ ಅಡ್ಡಹೆಸರು, ಕೇಳುವ ಪ್ರಶ್ನೆ ಕೊನೆಗೂ ಇಲ್ಲ. ಕೂಲಿ ಹೆಚ್ಚಾಗಬೇಕು ಎಂದವನು ನಾಸ್ತಿಕನಾಗುತ್ತಾನೆ. ತೆರಿಗೆ ಕಡಿಮೆಯಾಗಬೇಕು ಎಂದವನು ಬಡವರ ವೈರಿಯಾಗುತ್ತಾನೆ. "ಮಾತು ಬಲ್ಲವನಿಗೆ ಜಗಳವಿಲ್ಲ" ಎಂದರು ಹಿರಿಯರು. ಮಾತು ಬಲ್ಲವನು ಎಂದರೆ ಹೆಚ್ಚು ಮಾತನಾಡುವವನಲ್ಲ, ಎದುರಿನವನ ಮಾತಿನ ತೂಕ ಬಲ್ಲವನು.

4. ಒಂದೇ ತಕ್ಕಡಿಯಲ್ಲಿ ತೂಗಿ

ನಮ್ಮ ಪಕ್ಷದ ಆದರ್ಶವನ್ನು ಎದುರು ಪಕ್ಷದ ಅನಾಚಾರದ ಜೊತೆ ಹೋಲಿಸುವುದು ಕಳ್ಳ ತಕ್ಕಡಿ. ಕಮ್ಯುನಿಸಂ ಎಂದರೆ ಸಮಾನತೆ, ಬಂಡವಾಳಶಾಹಿ ಎಂದರೆ 1984ರ ಭೋಪಾಲ ಅನಿಲ ದುರಂತ ಎನ್ನುವವನೂ ಅದನ್ನೇ ಹಿಡಿದಿದ್ದಾನೆ. ಬಂಡವಾಳಶಾಹಿ ಎಂದರೆ ಸ್ವಾತಂತ್ರ್ಯ, ಕಮ್ಯುನಿಸಂ ಎಂದರೆ 1932–33ರಲ್ಲಿ ಉಕ್ರೇನಿನಲ್ಲಿ ಲಕ್ಷಾಂತರ ಜನರನ್ನು ಕೊಂದ ಕ್ಷಾಮ ಎನ್ನುವವನೂ ಅದನ್ನೇ ಹಿಡಿದಿದ್ದಾನೆ. ಆದರ್ಶಕ್ಕೆ ಆದರ್ಶ, ಆಚರಣೆಗೆ ಆಚರಣೆ, ಹೀಗೆ ತೂಗಬೇಕು. ನಮ್ಮವರ ತಪ್ಪನ್ನು ನಾವೇ ಮೊದಲು ಹೇಳಿದರೆ ಎದುರಿನವನ ಅರ್ಧ ಸಿಟ್ಟು ಇಳಿಯುತ್ತದೆ.

5. ತಪ್ಪು ಬೇರೆ, ತಪ್ಪಿದವನು ಬೇರೆ

ಇದು ಪೋಪ್ 23ನೇ ಜಾನ್ ಅವರ ಪಾಠ. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದು ನಿಂತಿದ್ದವು. ಆರು ತಿಂಗಳೊಳಗೆ, 1963ರ ಏಪ್ರಿಲ್ 11ರಂದು, ಪೋಪ್ "ಪಾಚೆಮ್ ಇನ್ ತೆರ್ರಿಸ್" ವಿಶ್ವಪತ್ರ ಹೊರಡಿಸಿದರು. ತಪ್ಪನ್ನೂ ತಪ್ಪು ಮಾಡಿದ ವ್ಯಕ್ತಿಯನ್ನೂ ಒಂದೆಂದು ಎಣಿಸಬಾರದು. ತಪ್ಪಿದರೂ ಅವನು ಮನುಷ್ಯನೇ, ಅವನ ಘನತೆ ಹೋಗುವುದಿಲ್ಲ ಎಂದು ಅದರಲ್ಲಿ ಬೋಧಿಸಿದರು. ತಪ್ಪು ತತ್ವದಿಂದ ಹುಟ್ಟಿದ ಚಳವಳಿಯಲ್ಲೂ ಒಪ್ಪತಕ್ಕ ಒಳ್ಳೆಯ ಅಂಶಗಳಿರಬಹುದು ಎಂದೂ ಹೇಳಿದರು. ಜಗತ್ತು ಉರಿಯುವ ಹೊತ್ತಿನಲ್ಲಿ ಆ ಮಾತನ್ನು ಹೇಳಲು ಸಾಧ್ಯವಾಯಿತೆಂದರೆ, ನಮ್ಮ ಊಟದ ಪಂಕ್ತಿಯಲ್ಲಿ ಪಾಲಿಸಲು ಸಾಧ್ಯವಿಲ್ಲವೇ?

ಇದರ ಜೊತೆಗೆ ಇನ್ನೊಂದು ಎಚ್ಚರಿಕೆ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ "ಗೌದಿಯುಮ್ ಎತ್ ಸ್ಪೆಸ್" ಎಂಬ ಸಂವಿಧಾನದ 43ನೇ ಪರಿಚ್ಛೇದದಲ್ಲಿ ಬಹಳ ಸ್ಪಷ್ಟವಾಗಿ ತಿಳಿಸಿದೆ: ಲೌಕಿಕ ವಿಷಯಗಳಲ್ಲಿ ಸಮಾನ ಪ್ರಾಮಾಣಿಕತೆಯುಳ್ಳ ವಿಶ್ವಾಸಿಗಳು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ಆಗ ಯಾರೂ ಧರ್ಮಸಭೆಯ ಅಧಿಕಾರ ತನ್ನ ಅಭಿಪ್ರಾಯದ ಕಡೆಗೇ ಇದೆ ಎಂದು ಹಕ್ಕು ಸಾಧಿಸಬಾರದು. ಪರಸ್ಪರ ಪ್ರೀತಿಯನ್ನು ಕಾಪಾಡಿಕೊಂಡು, ಪ್ರಾಮಾಣಿಕ ಸಂವಾದದಿಂದ ಒಬ್ಬರಿಗೊಬ್ಬರು ಬೆಳಕಾಗಬೇಕು. ಇದು ಪೀಠದಿಂದ ಮಾತನಾಡುವ ನನ್ನಂಥ ಗುರುಗಳಿಗೂ ಅನ್ವಯಿಸುತ್ತದೆ. ತೆರಿಗೆ ಎಷ್ಟಿರಬೇಕು, ಬ್ಯಾಂಕು ಯಾರ ಕೈಯಲ್ಲಿರಬೇಕು ಎಂಬುದಕ್ಕೆ ನನ್ನ ಅಭಿಪ್ರಾಯವಿರಬಹುದು. ಅದು ಶುಭಸಂದೇಶವಲ್ಲ.

ಹಾಗಾದರೆ ಸತ್ಯಕ್ಕೆ ಬೆಲೆಯಿಲ್ಲವೇ?

ಕೆಲವರು ಕೇಳಬಹುದು: "ಎಲ್ಲರದ್ದೂ ಸರಿ ಎನ್ನುವುದಾದರೆ ಧರ್ಮಸಭೆಯ ಬೋಧನೆ ಏಕೆ?" ಎಲ್ಲರದ್ದೂ ಸರಿ ಎಂದು ನಾನು ಹೇಳುತ್ತಿಲ್ಲ. ಸೌಜನ್ಯ ಬೇರೆ, ಹೇಡಿತನ ಬೇರೆ.

1937ರ ಮಾರ್ಚ್ ತಿಂಗಳಲ್ಲಿ ಪೋಪ್ 11ನೇ ಪಿಯುಸ್ ಐದು ದಿನಗಳ ಅಂತರದಲ್ಲಿ ಎರಡು ವಿಶ್ವಪತ್ರಗಳಿಗೆ ದಿನಾಂಕ ಹಾಕಿದರು. 14ರಂದು ಹಾಕಿದ್ದು ಜರ್ಮನಿಯ ನಾಜಿ ಆಳ್ವಿಕೆಯ ವಿರುದ್ಧ. ಜನಾಂಗವನ್ನೂ ರಾಷ್ಟ್ರವನ್ನೂ ದೇವರ ಸ್ಥಾನದಲ್ಲಿ ಕೂರಿಸುವುದನ್ನು ಖಂಡಿಸಿದ್ದು. 19ರಂದು ಹಾಕಿದ್ದು ನಿರೀಶ್ವರ ಕಮ್ಯುನಿಸಂ ವಿರುದ್ಧ. ಒಂದನ್ನು ಖಂಡಿಸಿ ಇನ್ನೊಂದಕ್ಕೆ ರಿಯಾಯಿತಿ ಕೊಡಲಿಲ್ಲ. ಮನುಷ್ಯನ ಘನತೆ, ದುಡಿದವನ ಕೂಲಿ, ಭೂಮಿಯ ಸಂಪತ್ತು ಎಲ್ಲರಿಗಾಗಿ ಎಂಬ ದೇವರ ಉದ್ದೇಶ ಇವು ಚೌಕಾಸಿಯ ವಿಷಯಗಳಲ್ಲ. ಒಂದು ಜಾತಿಯನ್ನು, ಒಂದು ಧರ್ಮದವರನ್ನು ಕೀಳೆಂದು ಹೇಳುವ ಮಾತು "ಅವರವರ ಅಭಿಪ್ರಾಯ" ಆಗುವುದಿಲ್ಲ. ಅಲ್ಲಿ ಎದ್ದು ನಿಂತು "ಇದು ತಪ್ಪು" ಎನ್ನಬೇಕು. ಆದರೆ ಆ ಗುರಿಯನ್ನು ತಲುಪುವ ದಾರಿಗಳು ಹಲವು. ದಾರಿಯ ಬಗ್ಗೆ ಜಗಳವಾಡಿ ಜೊತೆಗಾರನನ್ನೇ ಹಳ್ಳಕ್ಕೆ ತಳ್ಳುವುದು ನಮ್ಮ ರೂಢಿ.

ಅಮ್ಮನ ಒಂದು ಮಾತು

ಈಗ ಮತ್ತೆ ನಮ್ಮ ಮನೆಗೆ. ಅದೇ 2003ರಲ್ಲಿ ನಾನು ರಜೆಗೆ ಬಂದಾಗ ಮಾವನವರಿಗೆ ಹೃದಯದ ಕಾಯಿಲೆ ಎಂದೂ, ಬೊಂಬಾಯಿ ಬಿಟ್ಟು ಊರಿಗೆ ಮರಳಿದ್ದಾರೆಂದೂ ತಿಳಿಯಿತು. ಅಪ್ಪನಿಗೆ ನೋಡಿಬರುವ ಮನಸ್ಸಿತ್ತು, ಹೋಗಲು ಅಭಿಮಾನ ಬಿಡಲಿಲ್ಲ. "ಹೋದರೆ ಪುನಃ ಅದೇ ವಾದ" ಎಂದರು. ಆಗ ಅಮ್ಮ ಹೇಳಿದ ಮಾತು ನನಗೆ ಸೆಮಿನರಿಯ ಎಲ್ಲ ಪಾಠಕ್ಕಿಂತ ದೊಡ್ಡದಾಗಿ ಕಂಡಿತು: "ಹನ್ನೊಂದು ವರ್ಷ ನೀವಿಬ್ಬರೂ ಉತ್ತರ ಕೊಟ್ಟಿರಿ. ಒಬ್ಬರಾದರೂ ಪ್ರಶ್ನೆ ಕೇಳಿದಿರಾ?"

ಸಂಜೆ ನಾವು ಮೂವರೂ ಹೋದೆವು. ಮಾವ ಮಂಚದ ಮೇಲೆ ಒರಗಿದ್ದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಭಾವ, ಆ ಗದ್ದೆ ಹೋದ ವರ್ಷ ನಿಮ್ಮ ಮನೆಯಲ್ಲಿ ಏನಾಯಿತು? ನಾನು ಕೇಳಿಯೇ ಇಲ್ಲ" ಎಂದರು. ಮಾವ ಹೇಳಿದರು. ಅಜ್ಜಿ ಬಳೆ ಅಡವಿಟ್ಟದ್ದು, ಏಳನೇ ತರಗತಿ ಮುಗಿಸಿದ ತಮ್ಮನ್ನು ಶಾಲೆ ಬಿಡಿಸಿ ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಕಳಿಸಿದ್ದು, ಅಲ್ಲಿ ರಾತ್ರಿ ಬೆಂಚಿನ ಮೇಲೆ ಮಲಗಿ ಊರಿನ ಗದ್ದೆಯನ್ನು ಕನಸು ಕಂಡದ್ದು. "ನಾವು ಕೂತು ಉಂಡವರಲ್ಲ, ಭಾವ" ಎಂದರು. ಅಪ್ಪನ ತಲೆ ತಗ್ಗಿತು. ಆಮೇಲೆ ಅಪ್ಪನೂ ತನ್ನ ಕಥೆ ಹೇಳಿದರು. ನೆರೆ ಬಂದು ಪೈರು ಕೊಳೆತ ವರ್ಷ ತನ್ನ ತಂದೆ ಗೇಣಿ ಮನ್ನಾ ಮಾಡಿ ಎಂದು ಧಣಿಗಳ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತದ್ದು, ಯಾರೂ ಕೂರಲು ಹೇಳದಿದ್ದದ್ದು. ಮಾವ ಅದನ್ನು ಮೊದಲ ಸಲ ಕೇಳಿದರು.

ಆ ದಿನ ಯಾರ ಅಭಿಪ್ರಾಯವೂ ಬದಲಾಗಲಿಲ್ಲ. ಕಾನೂನು ನ್ಯಾಯವೇ ಎಂದು ಅಪ್ಪ, ವಿಧವೆಗೆ ಅನ್ಯಾಯವಾಯಿತೆಂದು ಮಾವ, ಕೊನೆಯವರೆಗೂ ಹಾಗೆಯೇ ಹೇಳಿದರು. ಆದರೆ ಅಪ್ಪ ಆ ಬಳಿಕ ಭೂಸುಧಾರಣೆಯ ಬಗ್ಗೆ ಮಾತನಾಡುವಾಗಲೆಲ್ಲ, "ಸಣ್ಣ ಒಡೆಯರನ್ನು ಬೇರೆಯಾಗಿ ನೋಡಬೇಕಿತ್ತು" ಎಂದು ಸೇರಿಸುತ್ತಿದ್ದರು. ಮಾವ ಆ ವರ್ಷದ ಮೊಂತಿ ಹಬ್ಬಕ್ಕೆ ಬಂದರು. ಎಲೆಯ ಮುಂದೆ ಕುಳಿತು, ಹೊಸ ಅಕ್ಕಿಯ ಅನ್ನವನ್ನು ಪೂರ್ತಿ ಉಂಡರು. ಅಮ್ಮ ಬಡಿಸುತ್ತಾ ಕಣ್ಣೊರಸಿಕೊಂಡದ್ದನ್ನು ನಾನು ನೋಡಿದೆ.

ಪ್ರಿಯರೇ, ವ್ಯವಸ್ಥೆಗಳು ಬರುತ್ತವೆ, ಬದಲಾಗುತ್ತವೆ. ಪಕ್ಷಗಳು ಏಳುತ್ತವೆ, ಬೀಳುತ್ತವೆ. ನಿಮ್ಮ ಎದುರು ಕುಳಿತ ಬಂಧು ಕ್ರಿಸ್ತನು ಪ್ರಾಣಕೊಟ್ಟ ಸೋದರ. ಬಲಿಪೀಠಕ್ಕೆ ಕಾಣಿಕೆ ತಂದವನು ಸೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಪ್ರಭು ಬೋಧಿಸಿದ್ದು ರಾಜಕೀಯದ ಜಗಳಕ್ಕೂ ಅನ್ವಯಿಸುತ್ತದೆ. ಮುಂದಿನ ಭಾನುವಾರದ ಬಲಿಪೂಜೆಗೆ ಮುನ್ನ, ಮಾತು ಬಿಟ್ಟ ಒಬ್ಬರ ಬಳಿ ಹೋಗಿ. ಉತ್ತರ ಒಯ್ಯಬೇಡಿ. ಒಂದು ಪ್ರಶ್ನೆ ಒಯ್ಯಿರಿ.

ಮನೆಯಲ್ಲಿ ಚರ್ಚಿಸಲು

1. ನಮ್ಮ ಕುಟುಂಬದಲ್ಲಿ ರಾಜಕೀಯ ಅಥವಾ ಆರ್ಥಿಕ ವಿಚಾರಕ್ಕಾಗಿ ಯಾರೊಡನೆ ಮಾತು ನಿಂತಿದೆ? ಅವರ ಅಭಿಪ್ರಾಯದ ಹಿಂದಿರುವ ಅನುಭವ ನಮಗೆ ಗೊತ್ತೇ?

2. ನಾವು ವಿರೋಧಿಸುವ ಒಂದು ಯೋಜನೆ ಅಥವಾ ಕಾನೂನಿನ ಪರವಾಗಿ ಇರುವ ಮೂರು ಒಳ್ಳೆಯ ಕಾರಣಗಳನ್ನು ಹೇಳಬಲ್ಲೆವೇ? ಮಕ್ಕಳು ಹೇಳಲಿ, ಹಿರಿಯರು ಕೇಳಲಿ.

3. ಇನ್ನೊಬ್ಬರು ಆಡದ ಮಾತನ್ನು ಅವರ ಹೆಸರಿನಲ್ಲಿ ಹೇಳಿದ್ದೇವೆಯೇ? ಹೇಳಿದ್ದರೆ ಅದನ್ನು ಸರಿಪಡಿಸುವುದು ಹೇಗೆ?

ಪ್ರಾರ್ಥನೆ

ಪ್ರಭು ಯೇಸುವೇ, ಮತ್ತಾಯನನ್ನೂ ಸಿಮೋನನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದವರು ನೀವು. ನಮ್ಮ ನಾಲಿಗೆಗೆ ತಾಳ್ಮೆಯನ್ನೂ ಕಿವಿಗೆ ದೀನತೆಯನ್ನೂ ದಯಪಾಲಿಸಿರಿ. ಬಡವನ ನೋವಿಗೆ ನಾವು ಕುರುಡಾಗದಂತೆ, ಸೋದರನ ಮಾತಿಗೆ ಕಿವುಡಾಗದಂತೆ ಕಾಪಾಡಿರಿ. ಆಮೆನ್.